ಗೋಡೆ ಬಿಡದ ನೆಂಟರು

"ನೋಡ್ತಾ ಇರು ಹಿಲ್ಕಾ! ಈ ಗೋಡೆ ನೋಡೋಕೆ ಅಂತಲೇ ಜನ ಎರಡನೇ ಲೋಟ ಕಾಫಿ ಕೇಳ್ಬೇಕು, ಹಾಗೆ ಮಾಡ್ತೀನಿ!"

ಔಲಿಸ್ ಈ ಘೋಷಣೆ ಹೊರಡಿಸಿದ್ದು ಅತ್ತೆ ಸತ್ತ ವಾರ. ನವೆಂಬರ್ ತಿಂಗಳು. ಫಿನ್ಲೆಂಡಿನ ಆ ಉತ್ತರದ ಹಳ್ಳಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಕತ್ತಲು. ಹಿಮವಾದರೂ ಬಿದ್ದಿದ್ದರೆ ಅಂಗಳ ಬೆಳ್ಳಗಾಗುತ್ತಿತ್ತು. ಬೀಳುತ್ತಿದ್ದದ್ದು ನೀರೂ ಅಲ್ಲದ, ಹಿಮವೂ ಅಲ್ಲದ ಕೆಸರು.

ತಾಯಿ ಹೋದಾಗಿನಿಂದ ಅವನ ಹೆಂಡತಿ ಹಿಲ್ಕಾ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಅವಳ ಎದೆಯಲ್ಲಿ ಕೂತಿದ್ದದ್ದು ತಾಯಿ ಸೆನ್ಯಾಳ ಕೊನೆಯ ಮಾತು. ಸೆನ್ಯಾ ಅಜ್ಜಿಯ ಬಾಯಿ ಊರಿಗೇ ಗೊತ್ತು. ಕಾಫಿಗೆ ಬಂದವರು ಒಂದೇ ಲೋಟಕ್ಕೆ ಓಡಿಹೋಗುತ್ತಿದ್ದರು. ಮುದುಕಿಗೂ ಅದು ತಿಳಿದಿತ್ತು. ಮಣ್ಣು ಮಾಡಿ ಬಂದವರಿಗೆಲ್ಲ ಕಾಫಿ ಕೊಡುವುದು ಅಲ್ಲಿನ ಪದ್ಧತಿ. "ನನ್ನ ಸಾವಿನ ಕಾಫಿ ಚರ್ಚಿನ ಹಾಲ್‌ನಲ್ಲಿ ಬೇಡ, ನನ್ನ ಮನೇಲೇ ಆಗ್ಲಿ. ಯಾರು ಬರ್ತಾರೆ ಬಿಡು! ಬಂದ್ರೂ ಒಂದು ಲೋಟ ಕುಡಿದು ಕೋಟು ಹುಡುಕ್ತಾರೆ," ಎಂದು ಗೋಡೆ ಕಡೆ ತಿರುಗಿ ಮಲಗಿದ್ದಳು. ಆ ಗೋಡೆಯೋ, ಒಲೆಯ ಹೊಗೆಗೆ ಕಪ್ಪಾಗಿ, ಅಂಟಿಸಿದ್ದ ಬಣ್ಣದ ಕಾಗದ ಕಿತ್ತು ಜೋತಾಡುತ್ತಿತ್ತು.

ಅದಕ್ಕೇ ಔಲಿಸ್‌ನ ಮಹಾಸಂಕಲ್ಪ. ಒಂದರ ಅಂಚಿನ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರುವ ಪೈನ್ ಹಲಗೆಗಳನ್ನು, ಗೋಡೆಗೆ ಹೊಡೆಯಲು, ಪಕ್ಕದೂರಿನ ಮರದ ಮಿಲ್ಲಿನಿಂದ ತಂದ. ಹಸಿ ವಾಸನೆ ಇನ್ನೂ ಘಮಘಮ!

"ಹಲಗೆ ಮೊದಲು ಒಂದಷ್ಟು ದಿನ ಒಳಗೆ ಬೆಚ್ಚಗೆ ಇರ್ಬೇಕಲ್ವಾ?" ಎಂದಳು ಹಿಲ್ಕಾ.

"ಯಾಕೆ, ಅದಕ್ಕೇನು ನೆಗಡಿನಾ?"

"ಗಂಟುಗಳಿಗೆ ಅರಗು ಬಳೀಬೇಕು, ಇಲ್ದಿದ್ರೆ ರಾಳ ಸೋರುತ್ತೆ ಅಂತಾರೆ."

"ಅಂತಾರೆ! ಹಾಗನ್ನೋರ ಗೋಡೆ ನೋಡಿದ್ದೀಯಾ ನೀನು?"

"ವಾರ್ನಿಶ್ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ ಅಂತ ಡಬ್ಬಿ ಮೇಲೇ ಇದೆ, ಔಲಿಸ್."

"ಡಬ್ಬಿ ಮೇಲೆ ಬರೆಯೋದು ಬುದ್ಧಿ ಇಲ್ಲದೋರಿಗೆ! ಮೂರು ತೆಳು ಪದರ ಒಂದೇ, ಒಂದು ದಪ್ಪ ಪದರ ಒಂದೇ!"

ಹಿಲ್ಕಾ ಮತ್ತೆ ಲೋಟ ತೊಳೆಯಲು ಹೋದಳು.

ಮಣ್ಣು ಮಾಡುವ ಹಿಂದಿನ ದಿನ ಕೆಲಸ ಮುಗಿಯಿತು. ನಾಲ್ಕೂ ಗೋಡೆ ಜೇನಿನ ಹಾಗೆ ಹೊಳೆಯುತ್ತಿದ್ದವು. ಮುಟ್ಟಿ ನೋಡಿದರೆ ಜೇನಿನ ಹಾಗೆಯೇ ಅಂಟುತ್ತಲೂ ಇದ್ದವು! ಮರುದಿನ ಚರ್ಚಿನಲ್ಲಿ ಎಲ್ಲರೂ ಅತ್ತೆಯ ಆತ್ಮಕ್ಕೆ ಶಾಂತಿ ಕೋರುತ್ತಿದ್ದಾಗ ಔಲಿಸ್ ಮಾತ್ರ, "ಸ್ವಾಮೀ, ವಾರ್ನಿಶ್ ಒಣಗಲಿ," ಎಂದು ಬೇಡಿಕೊಂಡ. ಮನೆಯಲ್ಲಿ ಒಲೆಗೆ ಬರ್ಚ್ ಸೌದೆ ತುರುಕಿಯೇ ಬಂದಿದ್ದ. ದೇವರ ಕೆಲಸಕ್ಕೆ ತನ್ನದೂ ಒಂದು ಕೈ ಇರಲಿ ಅಂತ.

ಮಣ್ಣು ಮುಗಿಸಿ ಸಮಾಧಿಯ ಬಳಿಯಿಂದ ಜನ ನೆನೆದು ನಡುಗುತ್ತಾ ಬಂದರು. ಹೊರಡುವಾಗ ಹುಡುಕಾಡುವುದು ಬೇಡವೆಂದೋ ಏನೋ, ಯಾರೂ ಕೋಟು ಬಿಚ್ಚಲಿಲ್ಲ. ಆ ಊರಿನವರು ನಾಲ್ಕು ಜನ ಸೇರಿದರೆ ನಡುಮನೆ ಖಾಲಿ ಬಿಟ್ಟು ಗೋಡೆ ಹಿಡಿಯುತ್ತಾರೆ. ಗೋಡೆಗುಂಟ ಬೆಂಚು, ಬೆಂಚಿನುದ್ದಕ್ಕೂ ಕಪ್ಪು ಉಣ್ಣೆಯ ಕೋಟುಗಳು. ಒಲೆಯ ಶಾಖ ಬೆನ್ನಿಗೆ ಹಿತವಾಗಿ ಎಲ್ಲರೂ ಆರಾಮಾಗಿ ಒರಗಿದರು.

ಮೊದಲ ಲೋಟ ಮುಗಿಯಿತು. ಹಿಲ್ಕಾ ಉಸಿರು ಹಿಡಿದು ಬಾಗಿಲು ನೋಡಿದಳು. ಯಾರೂ ಏಳಲಿಲ್ಲ.

ಎರಡನೆಯದೂ ಮುಗಿಯಿತು. ಯಾರೂ ಏಳಲಿಲ್ಲ!

"ಕೂತೇ ಇದ್ದಾರೆ," ಎಂದು ಪಿಸುಗುಟ್ಟಿದಳು.

"ನಾನು ಹೇಳ್ಲಿಲ್ವಾ? ಗೋಡೆ!" ಔಲಿಸ್ ಎದೆಯುಬ್ಬಿಸಿ ಒಲೆಗೆ ಇನ್ನೆರಡು ಕೊರಡು ಹಾಕಿದ.

ಮೂರನೇ ಲೋಟಕ್ಕೆ ಏಲಕ್ಕಿ ಬನ್ನು ಖಾಲಿ. ಪಕ್ಕದ ಮನೆಯ ಐನಿ ಸಕ್ಕರೆಗೆ ಕೈ ಚಾಚಿದವಳು ರಬ್ಬರಿನಂತೆ ಹಿಂದಕ್ಕೆ ಸರಕ್ಕನೆ ಹೋಗಿ ಕೂತಳು. ಮುಖ ಕೆಂಪಾಯಿತು, ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ, "ನಿಮ್ಮ ಗೋಡೆಗೆ ಅಂಟಿಕೊಂಡಿದ್ದೇನೆ," ಎನ್ನುವುದು ಯಾವ ಮರ್ಯಾದೆ? ಪ್ರತಿಯೊಬ್ಬರೂ ಅಂಟಿದ್ದು ತಾವೊಬ್ಬರೇ ಎಂದುಕೊಂಡು ಶಿಲೆಯಾಗಿ ಕೂತಿದ್ದರು.

ಏಳುವಂತಿಲ್ಲ, ತಿನ್ನಲು ಏನೂ ಇಲ್ಲ. ಬೇರೆ ದಾರಿ ಕಾಣದೆ ಮಾತು ಶುರುವಾಯಿತು.

"ನನ್ನ ಬನ್ನು ಬಾಗಿಲಿಗೆ ಅಡ್ಡ ಇಡೋಕೆ ಚೆನ್ನಾಗಿದೆ ಅಂದಿದ್ಲು ಸೆನ್ಯಾ," ಎಂದಳು ಐನಿ. "ಆಮೇಲೆ ಮಾತು ಬಿಟ್ಟಿದ್ದೆ. ಆದ್ರೆ ನಮ್ಮನೆಯೋರು ಆಸ್ಪತ್ರೆ ಸೇರಿದಾಗ ಚಳಿಗಾಲ ಪೂರ್ತಿ ನಮ್ಮ ಹಸು ಕರೆದಿದ್ದು ಅವಳೇ. ಬೈಕೊಂಡೇ ಕರೀತಿದ್ಲು."

"ನನಗೆ ಈಜು ಕಲಿಸಿದ್ದೂ ಅವಳೇ," ಎಂದ ಸೆನ್ಯಾಳ ತಮ್ಮ, ಮುದುಕ ತಾವೆತ್ತಿ. "ಕೆರೆಗೆ ನೂಕಿ!"

ಹಿಲ್ಕಾ ಕಾಫಿ ಜಗ್ಗು ಹಿಡಿದು ನಿಂತಲ್ಲೇ ನಿಂತಳು. ಇದ್ಯಾವುದನ್ನೂ ತಾಯಿ ಹೇಳಿರಲಿಲ್ಲ.

ಅಷ್ಟರಲ್ಲಿ, ಚರ್ಚಿನಲ್ಲಿ ಪ್ರಾರ್ಥನೆ ನಡೆಸಿ ಬಂದು ನಡುಮನೆಯ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದ ಪಾದ್ರಿಯಮ್ಮ ಪುಸ್ತಕ ತೆರೆದರು. "ಎಲ್ಲರೂ ಎದ್ದು ನಿಂತು ಒಂದು ಕೀರ್ತನೆ ಹಾಡೋಣ."

ಒಂದು ಪಿಳ್ಳೆಯೂ ಏಳಲಿಲ್ಲ.

"ಎದ್ದು ನಿಲ್ಲೋಣ..." ಎಂದರು ಮತ್ತೆ, ಸ್ವಲ್ಪ ಜೋರಾಗಿ.

"ಕೇಳಿಸ್ತು ಪಾದ್ರಿಯಮ್ಮ," ಎಂದ ತಾವೆತ್ತಿ. "ನಮಗೆ ಮನಸ್ಸಿದೆ. ಕೋಟಿಗೆ ಮನಸ್ಸಿಲ್ಲ."

ಆಮೇಲೆ ದೇವರ ಮೇಲಿನ ಭಯಭಕ್ತಿಯಿಂದ ಇಡೀ ಬೆಂಚು ಒಟ್ಟಿಗೇ ಮೇಲೆದ್ದಿತು. ಪರ್ರ್‌ರ್‌ರ್!

ಔಲಿಸ್ ಕಣ್ಣು ಮುಚ್ಚಿಕೊಂಡ. ಬಿಟ್ಟಾಗ ಅವನ ಜೇನುಬಣ್ಣದ ಗೋಡೆಗೆ ಸಾಲಾಗಿ ಕರಡಿಯ ಕೂದಲು ಬಂದಿತ್ತು. ಪ್ರತಿ ಗಂಟಿನಿಂದಲೂ ರಾಳ ತೊಟ್ಟಿಕ್ಕುತ್ತಿತ್ತು. ಐನಿಯ ಕೋಟಿನ ಬೆನ್ನಿನ ಭಾಗ ಐನಿಯ ಜೊತೆ ಬಂದಿರಲಿಲ್ಲ.

"ಹಿಲ್ಕಾ... ನಾನು..."

ಹಿಲ್ಕಾಳ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಮೊದಲು ನಗು. ಜಗ್ಗು ಕೆಳಗಿಟ್ಟು, ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು. ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಡೆದು ಬಂತು. ಬೆಂಚಿನ ಮೇಲೆ ಕುಸಿದು, ಗೋಡೆಗೊರಗಿ ಅತ್ತಳು. ಐನಿ ಪಕ್ಕದಲ್ಲಿ ಕೂತು ತೋಳಿನಿಂದ ಬಳಸಿಕೊಂಡಳು. ಕೀರ್ತನೆ ಹೇಗೋ ಶುರುವಾಯಿತು. ಹೊರಗೆ ಕೆಸರು ಸುರಿಯುತ್ತಲೇ ಇತ್ತು.

ಹಾಡು ಮುಗಿದ ಮೇಲೆ ಹಿಲ್ಕಾ ಕಣ್ಣೊರೆಸಿಕೊಂಡು, "ಔಲಿಸ್," ಎಂದಳು.

"ಹೇಳು. ಏನು ಬೇಕಾದ್ರೂ ಹೇಳು, ಕೇಳ್ತೀನಿ."

"ಡಬ್ಬಿ ಮೇಲೆ ಬಿಡಿಸೋದು ಹೇಗೆ ಅಂತ ಬರೆದಿದ್ಯಾ ನೋಡು. ನಾನೂ ಅಂಟಿಕೊಂಡೆ."

ಎಲ್ಲರನ್ನೂ ಕಳಿಸುವಾಗ ಔಲಿಸ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಒಬ್ಬೊಬ್ಬರ ಕ್ಷಮೆ ಕೇಳಿದ. ಕೊನೆಗೆ ಬಂದವನು ತಾವೆತ್ತಿ. ಕೋಟಿನ ಬೆನ್ನಿಗೆ ತೂತು ಬಿದ್ದ ಮುದುಕ ಅವನ ಭುಜ ತಟ್ಟಿದ.

"ನಂದೂ ಬಾಯಿ ಅಕ್ಕನ ಹಾಗೇ ಕಣೋ. ಒಂದು ಲೋಟದ ಮೇಲೆ ಯಾರೂ ನಿಲ್ಲಲ್ಲ. ನನ್ನ ಸಾವಿನ ಕಾಫಿಗೂ ಗೋಡೆ ನೀನೇ ಹೊಡೀಬೇಕು."

ಎರಡು ಹೆಜ್ಜೆ ಹೋಗಿ ಕತ್ತಲಲ್ಲಿ ತಿರುಗಿದ.

"ಪಾದ್ರಿಯಮ್ಮನ ಕುರ್ಚಿಗೂ ಸ್ವಲ್ಪ ಹಚ್ಚು!"