ಮಹಡಿಗೆ ನೆಟ್ಟು ಹತ್ತಿಸಿದ್ದು

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ನಿವೃತ್ತಿ ಎಂಬುದಿಲ್ಲ. ಹಿಡಿ ಮುರಿದ ಕುಕ್ಕರಿನಲ್ಲಿ ಕರಿಬೇವಿನ ಗಿಡವಿದೆ, ಕೆಟ್ಟುಹೋದ ಟೇಬಲ್ ಫ್ಯಾನಿನ ಜಾಲರಿಯ ಮೇಲೆ ಅತ್ತೆ ಸಂಡಿಗೆ ಒಣಗಿಸುತ್ತಾರೆ. ಈ ವಿಷಯದಲ್ಲಿ ಅವರಿಗೂ ನನಗೂ ಒಂದೇ ಮನಸ್ಸು. ಹಾಗಾಗಿ ಅಟ್ಟದ ಮೇಲಿದ್ದ ಹಳೇ ರೂಟರನ್ನು ನಾನು ಕೆಳಗಿಳಿಸಿದಾಗ ಅವರು ಧೂಳು ಒರೆಸಲು ಒಂದು ಬಟ್ಟೆ ಕೊಟ್ಟರು ಅಷ್ಟೆ.

ನನಗೆ ಬೇಕಾಗಿದ್ದು ಪಾಠ ಮಾಡಲು ಒಂದು ಜಾಗ. ಹೈವೇ ಬದಿಯ ನಮ್ಮೂರು ಅರಿಶಿನಕುಂಟೆಯ ಒಂದಷ್ಟು ಮಕ್ಕಳಿಗೆ ಸಂಜೆ ಹೊತ್ತು ಕಂಪ್ಯೂಟರಿನಲ್ಲಿ, ಆನ್‌ಲೈನಾಗಿ, ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಮದುವೆಯಾದ ಮೇಲೆ ನಾನಾಗಿ ಒಪ್ಪಿಕೊಂಡ ಮೊದಲ ಕೆಲಸ ಅದು. ಹಾಲ್‌ನಲ್ಲಿ ಆ ಹೊತ್ತಿಗೆ ಅತ್ತೆಯ ಧಾರಾವಾಹಿ. ಮಹಡಿ ಕೋಣೆಯಲ್ಲಿ ಕಂಪ್ಯೂಟರೇನೋ ಇದೆ, ಆದರೆ ಅದು ವೈಫೈ ಹಿಡಿಯುವುದಿಲ್ಲ, ವೈರು ಚುಚ್ಚಿದರೆ ಮಾತ್ರ ನೆಟ್ಟು. ಹೊಸ ರೂಟರು ಕೆಳಗೆ, ಟೀವಿ ಪಕ್ಕ. ಗೋಡೆ ಕೊರೆಸಿ ವೈರು ಎಳೆಸೋಣ ಎಂದರು ಯಜಮಾನರು. ಈಗಷ್ಟೇ ಬಣ್ಣ ಹೊಡೆಸಿದ ಗೋಡೆಗೆ ಡ್ರಿಲ್ ಮುಟ್ಟಿಸಿದರೆ ತಾನು ಮಗಳ ಮನೆಗೆ ಹೊರಟೆ ಎಂದರು ಅತ್ತೆ. "ಹಾಲ್‌ನಲ್ಲೇ ಕೂತ್ಕೊಂಡ್ ಮೊಬೈಲಲ್ಲಿ ಪಾಠ ಮಾಡ್ಬಿಡು ಕಣೇ, ಏನಾಗುತ್ತೆ?" ಎಂದು ಯಜಮಾನರು ವಿಷಯ ಮುಗಿಸಿದರು. ನನ್ನ ಪಾಲಿಗೆ ಅದು ಶುರುವಾಗಿದ್ದೇ ಆಗ.

ಹಳೇ ರೂಟರನ್ನು ಮಹಡಿಯಲ್ಲಿಟ್ಟರೆ, ಅದು ಕೆಳಗಿನದರ ವೈಫೈ ಹಿಡಿದು, ತನ್ನ ಬೆನ್ನಿನ ತೂತಿನಿಂದ ವೈರಿನ ಮೂಲಕ ಕಂಪ್ಯೂಟರಿಗೆ ದಾಟಿಸುವಂತೆ ಮಾಡಬಹುದು ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಹುಳಿ ಕುದಿಯುವಷ್ಟು ಹೊತ್ತು ಮೇಲೆ ಹೋಗಿ ಒಂದೊಂದೇ ಸೆಟ್ಟಿಂಗು ಬದಲಿಸಿದೆ. ನಾನೇ ಇಟ್ಟ ಪಾಸ್‌ವರ್ಡನ್ನು ನಾನೇ ಮರೆತೆ. ಕೊನೆಗೆ ಹಸಿರು ದೀಪ ಹತ್ತಿತು, ಮೊಬೈಲಿಗೆ ನೆಟ್ಟೂ ಬಂತು. ಕಂಪ್ಯೂಟರಿಗೆ ಮಾತ್ರ ಇಲ್ಲ. ವೈರು ಒಳಗೆ ಕೂರದೆ ಜಾರಿ ಬರುತ್ತಿತ್ತು. ಟಾರ್ಚು ಬಿಟ್ಟು ನೋಡಿದರೆ ತೂತೆಲ್ಲ ಕೆಂಪು. ಈ ರೂಟರು ಚಾಕರಿಯಲ್ಲಿದ್ದಷ್ಟು ಕಾಲ ಆಯುಧಪೂಜೆಗೆ ಮಿಕ್ಸಿ, ಸ್ಕೂಟರುಗಳ ಜೊತೆ ಅದಕ್ಕೂ ಗಂಧ ಕುಂಕುಮ ಸಲ್ಲುತ್ತಿತ್ತು. ಯಾವುದು ಮುಖ, ಯಾವುದು ಬೆನ್ನು ಎಂದು ತಿಳಿಯದೆ ಅತ್ತೆ ಬೆನ್ನಿಗೇ ಮೆತ್ತಿದ್ದರು. ಅದು ಒಣಗಿ ಗಾರೆಯಂತೆ ಕೂತಿತ್ತು. ಪ್ಲಗ್ ಕಿತ್ತು, ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಕೆರೆದೆ. "ಹುಷಾರಮ್ಮ, ಪೂಜೆ ಮಾಡಿರೋದು," ಎಂದು ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕೆರೆದ ಕುಂಕುಮವನ್ನು ಕಸಕ್ಕೆ ಹಾಕದೆ ತುಳಸಿ ಬುಡಕ್ಕೆ ಸುರಿದ ಮೇಲೇ ಅವರಿಗೆ ಸಮಾಧಾನ. ವೈರು ಟಕ್ ಎಂದು ಕೂತಿತು.

ಮೊದಲ ಪಾಠ ಸೊಗಸಾಗಿ ನಡೆಯಿತು. ಗೆದ್ದ ಗತ್ತಿನಲ್ಲಿ ಮೆಟ್ಟಿಲಿಳಿದು ಬಂದರೆ ಅತ್ತೆ ಟೀವಿ ಆರಿಸಿ ಸುಮ್ಮನೆ ಕೂತಿದ್ದಾರೆ. ಕರೆಂಟು ಹೋಗಿತ್ತಾ ಎಂದು ಕೇಳಿದೆ.

"ಕರೆಂಟ್ ಇತ್ತು ಕಣಮ್ಮ. ಹೈವೇ ಲಾರಿ ಸದ್ದಲ್ಲೂ ಟೀವಿ ಕೇಳಿಸ್ಕೊಂಡೋಳು ನಾನು, ನಿನ್ನ ಗಂಟ್ಲು ಮುಂದೆ ಆಗ್ಲಿಲ್ಲ. ನಾಳೆಯಿಂದ ಬಾಗ್ಲು ಹಾಕ್ಕೊಂಡ್ ಮಾಡು."

ಹಾಕಿ ನೋಡಿದೆ. ಮಹಡಿಯದು ಕಬ್ಬಿಣದ ಬಾಗಿಲು, ಹಾಕಿದರೆ ಕೆಳಗಿನ ವೈಫೈ ಅದನ್ನು ದಾಟದು, ನೆಟ್ಟು ಬರುವುದಿಲ್ಲ. ಹಾಗಂತ ಕೆಳಗಿಳಿಯುವವಳೂ ನಾನಲ್ಲ. ಈಗ ಬಾಗಿಲು ತೆರೆದಿಟ್ಟು ಪಿಸುದನಿಯಲ್ಲಿ ಕಲಿಸುತ್ತೇನೆ. ಮಕ್ಕಳೂ ಪಿಸುದನಿಯಲ್ಲೇ ಉತ್ತರ ಕೊಡುತ್ತವೆ. ಇಂಗ್ಲಿಷ್ ಅಂದರೆ ಹಾಗೇ ಮಾತಾಡುವ ಭಾಷೆ ಎಂದುಕೊಂಡಂತಿದೆ.