ಗಿರಣಿಯವನ ಬ್ಲಾಗಿಗೆ ಓದುವವ್ರು ಬಂದದ್ದು

ಗೊತ್ತಿಲ್ಲದ ಕೆಲಸಕ್ಕ ಕೈ ಹಾಕಿದವ ನಗೋ ಪ್ರಸಂಗ ಹುಡುಕ್ಕೊಂಡು ಹೋಗಬೇಕಿಲ್ಲ. ಅವು ತಾವ ಮನಿ ಕೇಳಕೊಂತ ಬರ್ತಾವ.

ರೋಣದಾಗ ನನ್ನದು ಹಿಟ್ಟಿನ ಗಿರಣಿ. ಸಾಲಿ ಕಲ್ತದ್ದು ನಾಲ್ಕನೇತ್ತಾ. ಎರಡು ಸಾವಿರದ ಏಳನೇ ಇಸವಿಯೊಳಗ ನನ್ನಾಕಿ ತೀರಿಕೊಂಡ್ಳು. ಮಾತಾಡಸಾಕ ಬಂದವ್ರೆಲ್ಲಾ ಆಕಿನ್ನ ಕಂಡವ್ರ. ಅತ್ತರು, ಹೋದ್ರು. ಆಕಿನ್ನ ಕಾಣದವ್ರು ಯಾರರ ಒಬ್ರು, ಆಕಿ ಹ್ಯಾಂಗಿದ್ಳು ಅಂತ ತಿಳಕೋಬೇಕು ಅಂತ ನನಗ ಆಸೆ ಹತ್ತಿತು. ಯಾಕಂತ ನನಗೂ ತಿಳೀಲಿಲ್ಲ.

ನಮ್ಮ ಗಿರಣಿ ಎದುರಿಗೆ ಒಬ್ಬ ಭಾಯಿ ನೆಟ್ ಅಂಗಡಿ ಇಟ್ಟಿದ್ದ. "ಬ್ಲಾಗ್ ಬರೀರಿ ಕಾಕಾ. ಹಾಳಿ ಮ್ಯಾಲ ಬರದು ಕೊಡ್ರಿ, ನಾ ಕಂಪ್ಯೂಟರಿನಾಗ ಒತ್ತತೀನಿ. ಜಗತ್ತಿನಾಗ ಯಾರು ಬೇಕಾದ್ರೂ ಬಂದು ಓದತಾರ" ಅಂದ.

ಕಾಣದ ಮಂದಿ ಯಾಕ ಬರ್ತಾರ, ಏನು ನೋಡಿ ಬರ್ತಾರ? ಅದೊಂದು ನೋಡೇಬಿಡೂಣು ಅಂತ ಶುರು ಮಾಡಿದೆ.

ನಲವತ್ತೊಂದು ಮಂದಿ

ನನಗ ಗೊತ್ತಿದ್ದದ್ದು ಪತ್ರ ಬರಿಯೋದು. ಮ್ಯಾಲೆ ಶ್ರೀಕಾರ ಹಾಕಿದೆ. "ಇತ್ತ ಕಡೆ ಎಲ್ಲಾ ಕ್ಷೇಮ, ನಿಮ್ಮ ಕಡೆ ಮಳಿ-ಬೆಳಿ ಹ್ಯಾಂಗೈತಿ" ಅಂತ ಕೇಳಿದೆ. ಆಮ್ಯಾಲ ಬರದೆ: "ತೀರಿಕೊಂಡ ನನ್ನ ಧರ್ಮಪತ್ನಿ ಸದ್ಗುಣಿ, ಸಹನಶೀಲೆ, ಮಿತಭಾಷಿ."

ಭಾಯಿ ಒತ್ತೋದು ನಿಲ್ಲಿಸಿದ. "ಮಿತಭಾಷಿ?"

"ಹೋದವ್ರ ಬಗ್ಗೆ ಹಂಗ ಬರೀಬೇಕಪಾ."

"ನಿಮ್ಮ ಗಿರಣಿ ಓಡತಿದ್ರೂ ಕಾಕಿ ದನಿ ಇಲ್ಲಿತನಕ ಕೇಳಸತಿತ್ರಿ" ಅಂದ. ಆದ್ರೂ ಒತ್ತಿದ.

ಬ್ಲಾಗಿನ ಹಾಳಿ ಕೆಳಗ ಎಷ್ಟು ಮಂದಿ ನೋಡ್ಯಾರ ಅನ್ನೋ ಅಂಕಿ ಬರತಿತ್ತು. ನಾ ದಿನಾ ಹೋಗೋದು, ತೆರೆಯೋದು, ನೋಡೋದು. ಒಂದು ವಾರದಾಗ ನಲವತ್ತೊಂದಾತು. ಪೇಢೆ ತಂದು ಭಾಯಿ ಕೈಯಾಗಿಟ್ಟೆ. ಅವ ತಿಂದ ಮ್ಯಾಲ ಹೇಳಿದ, "ಕಾಕಾ, ನೀವು ಎಷ್ಟು ಸಲ ತೆರೀತೀರಿ, ಅದು ಅಷ್ಟು ಏರತೈತಿ."

"ಅಂದ್ರ ನಲವತ್ತೊಂದೂ ನಾನ?"

"ನಲವತ್ತು ನೀವು. ಒಂದು ನಾನು. ತಪ್ಪು ತಿದ್ದಾಕ ತೆರೆದಿದ್ದೆ."

ಅಕ್ಷತಿ ಕೊಟ್ಟು ಕರೆದದ್ದು

ನಮ್ಮ ಕಡೆ ಕರೀದ ಯಾರೂ ಬರೂದಿಲ್ಲ. ಬ್ಲಾಗಿಗೂ ಹಂಗ ಇರಬೇಕು ಅಂದ್ಕೊಂಡೆ. ಅಕ್ಷತಿ ಕಟ್ಟಿಕೊಂಡು ನಮ್ಮ ಬಳಗದವ್ರ ಮನಿಗೆ ನರಗುಂದಕ್ಕ ಹೋದೆ, ನನ್ನಾಕಿ ತಂಗಿ ಮನಿಗೆ ಗಜೇಂದ್ರಗಡಕ್ಕ ಹೋದೆ. "ಬುಧವಾರ ಹನ್ನೊಂದಕ್ಕ ಬ್ಲಾಗ್ ಓದೋದೈತಿ, ಮನಿಮಂದಿ ಎಲ್ಲಾ ಬರಬೇಕು" ಅಂದೆ. ಬ್ಲಾಗ್ ಅಂದ್ರೇನು ಅಂತ ಒಬ್ರೂ ಕೇಳಲಿಲ್ಲ. ಅಕ್ಷತಿ ಕೈಗೆ ಬಿದ್ದ ಮ್ಯಾಲ ಹಂಗ ಕೇಳೋ ರೂಢಿ ಇಲ್ಲ.

ಬುಧವಾರ ಹದಿನಾಕು ಮಂದಿ ಬಂದ್ರು. ಹೆಣ್ಣಮಕ್ಕಳು ರೇಶ್ಮಿ ಸೀರಿ ಉಟ್ಟಿದ್ರು. ನೆಟ್ ಅಂಗಡಿಯಾಗ ಇದ್ದದ್ದು ಮೂರು ಕುರ್ಚಿ. ಆಹೇರ ಮಾಡಾಕ ಬಟ್ಟಿ, ಕಾಯಿ ತಂದಿದ್ರು, ಯಾರಿಗೆ ಮಾಡಬೇಕಂತ ತಿಳೀಲಿಲ್ಲ. ಕಡೀಕೆ ನಮ್ಮ ಷಡ್ಡಕ ಕಂಪ್ಯೂಟರಿಗೆ ಟವೆಲ್ ಹೊದಿಸಿ, ಮುಂದ ತೆಂಗಿನಕಾಯಿ ಇಟ್ಟು ಕೈ ಮುಗಿದ. ಭಾಯಿ ಟವೆಲ್ ಸರಿಸಿ, ನನ್ನ ಪತ್ರ ಓದಿದ. ಐದು ನಿಮಿಷದಾಗ ಮುಗೀತು. ಎಲ್ಲಾರೂ ಆಕಿನ್ನ ಕಂಡವ್ರ, ಹೊಸಬರು ಒಬ್ರೂ ಇಲ್ಲ. ನನ್ನ ಮನಸ್ಸು ಸಣ್ಣದಾತು.

ನರಗುಂದದ ಹಿರೇಮನಿಷಾ ಸುತ್ತ ಕಡೆ ನೋಡಿ ಕೇಳಿದ, "ಓದೋದು ಚಲೋ ಆತು. ಎಲಿ ಎಲ್ಲಿ ಹಾಕೀರಿ?"

ಖಾರದ ಹೋಳಿಗಿ

ಅವ್ರನ್ನ ಊಟ ಮಾಡಿಸಿ ಕಳಿಸಿದ ಮ್ಯಾಲ ಭಾಯಿ ಅಂದ, "ಕಾಕಾ, ಸದ್ಗುಣಿ ಎಲ್ಲಾ ಊರಾಗೂ ಇರ್ತಾರ. ನಿಮ್ಮ ಮನ್ಯಾಗ ನಡೆದದ್ದು ಬರೀರಿ."

ನಡೆದದ್ದಂದ್ರ ಜಗಳ. ಅದನ್ನ ಬರದೆ.

ಒಮ್ಮೆ ಖಾರ ಕುಟ್ಟೋ ಯಂತ್ರ ಕೆಟ್ಟಿತ್ತು. ಗೋದಿ ಬೀಸೋ ಕಲ್ಲಿನಾಗ ಮೆಣಸಿನಕಾಯಿ ಬೀಸಿದೆ. ಅದರ ಹಿಂದ ಒಂದಿಷ್ಟು ಜ್ವಾಳ ಹಾಕಿ ಕಲ್ಲಿನ ಖಾರ ತೆಗೀಬೇಕು. ಆಕಿ ಒಂದು ಸೇರು ಹಾಕು ಅಂದ್ಳು. ನಾ ಒಂದು ಹಿಡಿ ಹಾಕಿದೆ. ಆಮ್ಯಾಲ ಮನಿ ಗೋದಿ ಬೀಸಿದೆ. ಆ ಹಿಟ್ಟಿಲೆ ಆಕಿ ತನ್ನ ಅಣ್ಣಗ ಹೋಳಿಗಿ ಮಾಡಿದ್ಳು. ಒಂದನೇ ತುತ್ತಿಗೆ ಅವ ನೀರು ಕುಡಿದ. ಎರಡನೇದಕ್ಕ ಮೂಗು ಸೋರಿತು.

"ತಂಗೀ, ಹೋಳಿಗಿ ಭಾಳ ಚಲೋ ಆಗ್ಯಾವ. ಚಟ್ನಿ ಹಾಕಬ್ಯಾಡ" ಅಂದ.

ಆ ಜಗಳ ಹನ್ನೆರಡು ವರ್ಷ ನಡೀತು. "ನನ್ನ ತವರಿನವ್ರು ಬಂದಾಗನ ನಿಮ್ಮ ಹಿಡಿ ಸಣ್ಣದಾಗತೈತಿ" ಅಂತ ಆಕಿ. "ನಾದುವಾಗ ನಿನಗ ಘಾಟು ಬರಲಿಲ್ಲೇನು?" ಅಂತ ನಾನು.

"ಗಿರಣಿಯವನ್ನ ಕಟ್ಟಿಕೊಂಡೇನಿ. ನನಗ ಎಲ್ಲಾ ಅಡಗಿಯಾಗೂ ಘಾಟು ಬರತೈತಿ."

ತೀರ್ಪು

ಈ ಸಲ ನಾ ತೆರೀದನ ಅಂಕಿ ಏರಿತು. ಕೆಳಗ ಮಂದಿ ತಮ್ಮ ತಮ್ಮ ಮಾತು ಬರೆದಿದ್ರು. ಎಲ್ಲಾ ಕಾಣದ ಮಂದಿ. ರಾಯಚೂರಿನ ಒಬ್ಬಾಕಿ, "ತಪ್ಪು ನಿಮ್ಮದ ಅಣ್ಣಾರ" ಅಂದಿದ್ಳು. ದುಬೈಯಾಗ ಇರಾಂವ ಒಬ್ಬ, "ಅಕ್ಕಾರದ ಖರೇ" ಅಂದಿದ್ದ. ಕೊಪ್ಪಳದ ಕಡೆಯಾಂವ ಬರದಿದ್ದ: "ನಾನೂ ಗಿರಣಿಯವ. ಸೇರು ಹಾಕಬೇಕು. ನಮ್ಮ ಮಂದಿ ಮರ್ಯಾದಿ ತೆಗೀಬ್ಯಾಡ್ರಿ."

ನಾ ನಾಕು ಹಾಳಿ ವಾದ ಬರದೆ. ಒಬ್ರೂ ನನ್ನ ಕಡೆ ಬರಲಿಲ್ಲ. "ನೀನರ ಒಂದು ಮಾತು ನನ್ನ ಕಡೆ ಬರಿಯೋ" ಅಂತ ಭಾಯಿಗೆ ಅಂದೆ.

"ನಾ ಬರೇ ಒತ್ತಾಂವ, ಕಾಕಾ" ಅಂದ.

ನಾಕು ದಿನ ಬಿಟ್ಟು ರಾಯಚೂರಿನಾಕಿ ಮತ್ತ ಬರದ್ಳು: "ಎಲ್ಲಾ ನೀವ ಬರೀತೀರಿ. ಅಕ್ಕಾರಿಗೂ ಬರಿಯಾಕ ಕೊಡ್ರಿ. ಅವರ ಮಾತು ಕೇಳೂಣು."

ಆಗ ತಿಳೀತು. ಆ ಮೊದಲಿನ ಪತ್ರ ಇವ್ರು ಯಾರೂ ಓದಿದ್ದಿಲ್ಲ. ಅವರ ಪಾಲಿಗೆ ಆಕಿ ಇನ್ನೂ ನಮ್ಮ ಅಡಗಿಮನ್ಯಾಗ ಹಿಟ್ಟು ನಾದಾಕತ್ತಿದ್ಳು. ಹಂಗ ಇರ್ಲಿ ಅನಿಸ್ತು. ಎರಡು ದಿನ ಉತ್ತರ ಕೊಡಲಿಲ್ಲ. ಆದ್ರ ಅದು ಸುಳ್ಳಾಗತಿತ್ತು. "ಆಕಿ ತೀರಿಕೊಂಡು ಒಂಬತ್ತು ತಿಂಗಳಾತು" ಅಂತ ಬರದು ಕೊಟ್ಟೆ. ಭಾಯಿ ಮೆಲ್ಲಕ ಒತ್ತಿದ.

ಮರುದಿನ ರಾಯಚೂರಿನಾಕಿ ಉತ್ತರ ಬಂದಿತ್ತು. ಭಾಯಿ ಓದಿ ಹೇಳಿದ.

"ಕುಂತು ಅತ್ತೆ ಅಣ್ಣಾರ. ಅಕ್ಕಾರನ್ನ ನಾ ನೋಡಿದಾಕಿ ಅಲ್ಲ, ಆದ್ರ ನಮ್ಮನ್ಯಾಕಿನ ಹೋದಂಗಾತು. ನೀವು ಹೊತ್ತಿಗೆ ಸರಿಯಾಗಿ ಉಣ್ರಿ. ತಪ್ಪು ಮಾತ್ರ ನಿಮ್ಮದ."