ಮುದಕವ್ವನ ಲವಂಗಿ ಗಿಡ

"ನಮ್ಮವ್ವನ ಗಿಡಾ ಅದ್ಹೆಂಗ ಬಾಡತೈತಿ ನೋಡೇ ಬಿಡ್ತೇನಿ! ಬರೋ ದೀಪಾವಳಿಗೆ ಇಡೀ ಓಣಿಗೆ ರಂಜಕಾ ಹಂಚಲಿಲ್ಲಂದ್ರ ನಾ ನೀಲಪ್ಪ ಮಾಸ್ತರನ ಅಲ್ಲ!"

ಧಾರವಾಡದ ತನ್ನ ಮನೆಯ ಹಿತ್ತಲಲ್ಲಿ, ಧೋತರ ಎತ್ತಿ ಕಟ್ಟಿ ನೀಲಪ್ಪ ಹೀಗೆ ಪಣ ತೊಟ್ಟಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಹೆಂಡತಿ ಶೇವಂತೆವ್ವ, ಇನ್ನೊಂದು ಆ ಗಿಡ. ಇಬ್ಬರೂ ನಂಬಲಿಲ್ಲ.

ಅದು ಲವಂಗಿ ಮೆಣಸಿನಕಾಯಿ ಗಿಡ. ಕಾಯಿ ಗೇಣುದ್ದವೇನಲ್ಲ, ಲವಂಗಕ್ಕಿಂತ ತುಸು ದೊಡ್ಡದು. ಪ್ರತಾಪ ಮಾತ್ರ ಪೈಲವಾನನದು! ನೀಲಪ್ಪನ ಅವ್ವ ಮುದಕವ್ವ ಅದಕ್ಕೆ ಅಕ್ಕಿ ತೊಳೆದ ನೀರು, ಒಲೆಯ ಬೂದಿ ಬಿಟ್ಟು ಬೇರೇನೂ ಉಣಿಸಿದವಳಲ್ಲ. ಅದರ ಹಣ್ಣುಗಾಯಿಗೆ ಉಪ್ಪು, ಲಿಂಬೆಹುಳಿ ಸೇರಿಸಿ ರಂಜಕ ಅರೆಯುತ್ತಿದ್ದಳು. ಓಣಿಯ ಕೂಸುಗಳಿಗೆ ಅದೇ ಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಊರಿಗೆಲ್ಲ ನಯಾ ಪೈಸೆ ಬಂದರೂ ಮಗನನ್ನು ಬೈಯುವುದು ಮಾತ್ರ ಆಣೆಯಲ್ಲೇ: "ನಾಕಾಣೆ ಬುದ್ಧಿ ಇಲ್ಲಲೋ ನಿನಗ!" ಆಷಾಢದಲ್ಲಿ ಅವಳು ತೀರಿಕೊಂಡಳು. ಅವಳ ಕೈಯದೆಂದು ಮನೆಯಲ್ಲಿ ಜೀವಂತ ಉಳಿದದ್ದು ಆ ಗಿಡವೊಂದೇ.

ಅವ್ವನನ್ನು ಮಣ್ಣು ಮಾಡುವಾಗ ನೀಲಪ್ಪ ಅಳಲಿಲ್ಲ. ಮಾಸ್ತರಾದವನು ಹುಡುಗರಂತೆ ಅಳುವುದುಂಟೆ! ಬಂದವರಿಗೆ ಚಾಪೆ ಹಾಸಿದ, ನೀರು ಕೊಟ್ಟ, ಗಂಟಲು ಕೆರೆದುಕೊಂಡ. ಓಣಿಯವರು "ಕಲ್ಲ ಮನಶ್ಯಾ" ಅಂದರು. ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

ಆಮೇಲೆ ಶುರುವಾಯಿತು ಗಿಡದ ಸೇವೆ! ಕೆಲಗೇರಿ ಕೆರೆಯ ಗೋಡುಮಣ್ಣು ಸೈಕಲ್ಲಿನ ಮೇಲೆ ಸವಾರಿ ಮಾಡಿ ಬಂತು. ಅದರ ಹಿಂದೆಯೇ ಅಂಗಡಿಯಿಂದ ಬಿಳಿ ಸರಕಾರಿ ಗೊಬ್ಬರ.

"ಒಂದ ಚಿಟಿಕಿ ಸಾಕಂತ್ರಿ," ಎಂದಳು ಶೇವಂತೆವ್ವ.

"ಚಿಟಿಕಿ ಹಾಕಿ ಆನಿ ಸಾಕಾಕ ಆಗತೈತೇನ?" ಎಂದು ನೀಲಪ್ಪ ಬೊಗಸೆ ತುಂಬ ಸುರಿದ.

ಎಲೆಯ ತುದಿ ಸುಟ್ಟವು. "ಉಷ್ಣ ಆಗೇತಿ" ಎಂದು ಕೊಡಗಟ್ಟಲೆ ನೀರು ಹೊಯ್ದ. ಎಲೆ ಮುರುಟಿದವು. "ಹುಳಾ ಬಿದ್ದಾವು" ಎಂದು ತಂಬಾಕಿನ ಕಷಾಯ ಕಾಸಿ ತಲೆಗೆ ಸ್ನಾನ ಮಾಡಿಸಿದ. ಗಿಡ ಬೋಳಾಯಿತು.

"ಏನಾತ ಇದಕ್ಕ?"

"ಅದಕ್ಕೇನೂ ಆಗಿಲ್ರಿ. ನೀವು ಆಗೀರಿ!"

ನೀಲಪ್ಪ ಟೊಂಗೆಗೆ ಅಂಟಿಕೊಂಡಿದ್ದ ಕೆಂಪು ಕಾಯಿಗಳನ್ನು ಕೀಳತೊಡಗಿದ. ಒಂದು ಬೆರಳಲ್ಲಿ ಒಡೆಯಿತು. ಅದೇ ಕೈಯಿಂದ ಬೆವರು ಒರೆಸಿಕೊಂಡ. ಅಷ್ಟೇ! "ಎಯ್ಯಪ್ಪಾ!" ಎಂದು ಹೊಡೆದ ಕೂಗಿಗೆ ಮಗ್ಗುಲ ಮನೆಯ ಮುದುಕಿ ಫಕೀರವ್ವ ಓಡಿಬಂದಳು. ಕಣ್ಣೀರು ಧಾರಾಕಾರ ಹರಿಯುತ್ತಿದ್ದ ಮಾಸ್ತರನನ್ನು ಕಂಡವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಕಡೀಕೂ ಅಳು ಬಂತೇನೋ ತಮ್ಮಾ! ಅಳು, ಅತ್ತಬಿಡು, ಎದಿ ಹಗರಾಗತೈತಿ!"

"ಮೆಣಸಿನಕಾಯಿ, ಕಾಕು! ಕಣ್ಣಾಗ ಮೆಣಸಿನಕಾಯಿ!"

"ಹೌದಪಾ, ಅಕೀ ಹಚ್ಚಿದ ಗಿಡಾ. ಕಣ್ಣಾಗ ಕಟ್ಟಿದಂಗ ಐತಿ!"

ಓಣಿಯ ಹೆಂಗಸರೆಲ್ಲ ಕೂಡಿದರು. ಮುದಕವ್ವನ ಗುಣ ಹಾಡಿ ಅತ್ತರು. ಒಬ್ಬಳಂತೂ ಚಹಾ ಕಾಸಿ ತಂದಳು! ನೀಲಪ್ಪ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. "ಕಲ್ಲೂ ಕರಗಿತು" ಎಂದು ಸಮಾಧಾನಪಟ್ಟು ಹೋದರು.

ಸಂಜೆ ಅವನು ಹೆಂಡತಿಗೆ ಮೆಲ್ಲಗೆ ಹೇಳಿದ: "ಆ ಕಾಯಿ ರಂಜಕಾ ಅರಿ. ಅವ್ವನ ಗಿಡದ್ದು ಅದೇ ಕಡೀದು."

ಉಣ್ಣಲು ಕೂತ. ಹಿತ್ತಲ ಬಾಗಿಲಿನಿಂದ ಬೋಳು ಗಿಡ ನೇರವಾಗಿ ಕಾಣುತ್ತಿತ್ತು. ಅಕ್ಕಿ ತೊಳೆದ ನೀರಿಗೆ ಬದುಕಿದ್ದ ಗಿಡ, ಮಾಸ್ತರನ ಜಾಣತನಕ್ಕೆ ಸತ್ತಿತು. ನಾಕಾಣೆ ಬುದ್ಧಿ ಇಲ್ಲಲೋ ಎಂದು ಬೈಯಲಾದರೂ ಅವ್ವ ಇರಬೇಕಿತ್ತು. ಕಣ್ಣು ಅತ್ತಲೇ ನೆಟ್ಟು, ಕೈಗೆ ಸಿಕ್ಕ ರೊಟ್ಟಿ ಮುರಿದು ತಾಟಿಗೆ ಅದ್ದಿ ಬಾಯಿಗಿಟ್ಟ. ಕಣ್ಣೀರು ಗದ್ದಕ್ಕಿಳಿದು ರೊಟ್ಟಿಯ ಮೇಲೆ ಬಿತ್ತು. ಹೆಂಡತಿ ನೋಡಿಬಿಟ್ಟಳು!

"ಎಪ್ಪಾ, ಎಷ್ಟ ಖಾರ ಅರದೀಯೇ!" ಎಂದು ಅವಸರದಿಂದ ಮುಖ ಒರೆಸಿಕೊಂಡ. "ಅವ್ವನೂ ಇಷ್ಟ ಖಾರ ಮಾಡತಿದ್ದಿಲ್ಲ!"

ಶೇವಂತೆವ್ವ ಹತ್ತಿರ ಬಂದು ಕೂತಳು.

"ಆ ಕಾಯಿ ನಾ ಅರದಿಲ್ರಿ. ಬೀಜಕ್ಕಂತ ಬೂದ್ಯಾಗ ಇಟ್ಟೇನಿ, ಅತ್ತಿಯವ್ರು ಇಡತಿದ್ದಂಗ. ನಿಮ್ಮ ತಾಟಿನ್ಯಾಗ ಇರೋದು ಬೆಲ್ಲಾ-ತುಪ್ಪಾರಿ."